ನಿಂತು ನೋಡುವ ಕಣ್ಣು: ಕ್ರಾಂತಿಪೂರ್ವ ರಷ್ಯದ ಮೂಕಚಿತ್ರ ಮತ್ತು ಚಿತ್ರಕಲೆ



ರಷ್ಯದ ಚಲಚ್ಚಿತ್ರವೆಂದೊಡನೆ ನಮ್ಮಲ್ಲಿ ಬಲ್ಲವರ ನಾಲಗೆಗೆ ಮೊದಲು ಬರುವ ಹೆಸರು ಐಸೆನ್‌ಸ್ಟೈನನದು. ಅದರ ಬೆನ್ನಿಗೇ ಪುದೊವ್ಕಿನ್, ವೆರ್ತೊವ್, ದೊವ್ಝೆಂಕೊ. 1925ರ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ ಚಿತ್ರದ ಒಡೆಸ್ಸಾ ಸೋಪಾನಗಳಿಂದಲೇ ಆ ದೇಶದ ಚಿತ್ರಚರಿತ್ರೆ ಇಳಿದು ಬಂದಿತೆಂಬಂತೆ ಬರೆದಿಟ್ಟ ಗ್ರಂಥಗಳನ್ನು ಓದಿ ಬೆಳೆದ ನಮಗೆ, ಅದಕ್ಕೂ ಮುಂಚೆ, ಜಾರ್ ದೊರೆಯ ಆಳ್ವಿಕೆಯ ಕೊನೆಯ ಹತ್ತು ವರ್ಷಗಳಲ್ಲಿ, ಮಾಸ್ಕೋ ನಗರದ ಗಾಜಿನ ಚಾವಣಿಯ ಚಿತ್ರಶಾಲೆಗಳಲ್ಲಿ ನೂರುಗಟ್ಟಲೆ ಚಿತ್ರಗಳು ತಯಾರಾಗಿ, ಊರೂರುಗಳಲ್ಲಿ ಜನರನ್ನು ಅಳಿಸಿ ಮೆಚ್ಚಿಸಿ, ತರುವಾಯ ಒಂದೇ ಏಟಿಗೆ ವಿಸ್ಮೃತಿಗೆ ಸಂದುಹೋದವೆಂಬ ಸಂಗತಿಯು ಬಹುಕಾಲ ತಿಳಿದೇ ಇರಲಿಲ್ಲ. ತಿಳಿದವರೂ ಆ ಚಿತ್ರಗಳ ಮೇಲೆ ಎರಡು ಆಕ್ಷೇಪಗಳನ್ನು ಹೊರಿಸಿ ಸುಮ್ಮನಾಗುತ್ತಿದ್ದರು: ಅವು ತೀರ ನಿಧಾನವಾದವು, ಮತ್ತು ಬರಿಯ ಕಣ್ಣೀರಿನ ಕಥೆಗಳು.

ನಿಧಾನವೆಂಬುದು ನಿಜ, ಕಣ್ಣೀರೂ ನಿಜ. ಆದರೆ ಚಿತ್ರಪಟದ ಮುಂದೆ ನಿಂತು, ಅವಸರವಿಲ್ಲದೆ, ಮೂಲೆಯಿಂದ ಮೂಲೆಗೆ ನೋಡುವ ಕಣ್ಣನ್ನು ಚಲಿಸುವ ಚಿತ್ರಕ್ಕೂ ಒಗ್ಗಿಸಬೇಕೆಂದು ಹಟ ತೊಟ್ಟವರ ಉದ್ದೇಶಪೂರ್ವಕವಾದ ನಿಧಾನವದು ಎಂಬುದು ಈ ದಿನ ನಾನು ತಮ್ಮ ಮುಂದೆ ಇಡಬೇಕೆಂದಿರುವ ಮಾತು. ಇದಕ್ಕಾಗಿ ಆ ಕಾಲದ ಸಮಸ್ತವನ್ನೂ ಹರವುವ ಸಾಹಸಕ್ಕೆ ಕೈಹಾಕದೆ, ಯೆವ್ಗೇನಿ ಬೌವರ್ ಎಂಬ ಒಬ್ಬ ನಿರ್ದೇಶಕನ ಬಳಿಯಲ್ಲಿಯೇ ಹೆಚ್ಚು ಹೊತ್ತು ನಿಲ್ಲುವೆನು.

ಚಲಚ್ಚಿತ್ರವು ರಷ್ಯಕ್ಕೆ ಬಂದದ್ದು 1896ರ ಮೇ ತಿಂಗಳಲ್ಲಿ. ಲಿಯೋನ್ ನಗರದ ಲೂಮಿಯೇರ್ ಸೋದರರ ಯಂತ್ರವು ಸೇಂಟ್ ಪೀಟರ್ಸ್‌ಬರ್ಗಿನ ‘ಅಕ್ವೇರಿಯಮ್’ ಎಂಬ ವಿನೋದೋದ್ಯಾನದಲ್ಲಿ ಪ್ರದರ್ಶನಗೊಂಡಿತು. ಅದೇ ತಿಂಗಳು ಮಾಸ್ಕೋದಲ್ಲಿ ಎರಡನೆಯ ನಿಕೊಲಾಸನ ಪಟ್ಟಾಭಿಷೇಕವಾದಾಗ ಅವರ ಛಾಯಾಗ್ರಾಹಕರು ಆ ಮೆರವಣಿಗೆಯನ್ನು ಸುರುಳಿಗೆ ಇಳಿಸಿಕೊಂಡರು. ಆ ಬೇಸಗೆಯಲ್ಲಿ ನೀಝ್ನಿ ನೊವ್‌ಗೊರೊದ್ ನಗರದ ದೊಡ್ಡ ಜಾತ್ರೆಯಲ್ಲಿ ಈ ಯಂತ್ರದ ಪ್ರದರ್ಶನವನ್ನು ನೋಡಿದ ತರುಣ ಲೇಖಕ ಮಾಕ್ಸಿಮ್ ಗೋರ್ಕಿಯು ಪತ್ರಿಕೆಗೆ ಬರೆದ ವರದಿಯಲ್ಲಿ ಉತ್ಸಾಹಕ್ಕಿಂತ ಅಂಜಿಕೆಯೇ ಮಿಗಿಲಾಗಿದೆ. ಶಬ್ದವಿಲ್ಲ, ಬಣ್ಣವಿಲ್ಲ, ಬೂದುಬಣ್ಣದ ಎಲೆಗಳು ಬೂದುಬಣ್ಣದ ಗಾಳಿಗೆ ಸದ್ದಿಲ್ಲದೆ ಅಲುಗುತ್ತವೆ, ಇದು ಜೀವನವಲ್ಲ, ಜೀವನದ ನೆರಳು ಎಂಬುದು ಆತನ ಭಾವ. ಈ ನೆರಳುಗಳನ್ನೇ ಮುಂದೆ ಬೌವರನು ತನ್ನ ಕಲೆಯ ಬಂಡವಾಳವನ್ನಾಗಿ ಮಾಡಿಕೊಂಡನು.

ಮುಂದಿನ ಹನ್ನೆರಡು ವರ್ಷ ರಷ್ಯನರು ನೋಡಿದ್ದು ಬಹುಮಟ್ಟಿಗೆ ಫ್ರೆಂಚರ ಸರಕು. ಪಾಥೆ ಸಂಸ್ಥೆಯು ಮಾಸ್ಕೋದಲ್ಲಿಯೇ ಕಚೇರಿ ತೆರೆದು ವ್ಯಾಪಾರ ಬೆಳೆಸಿಕೊಂಡಿತು. ದೇಶೀಯವಾದ ಮೊದಲ ಕಥಾಚಿತ್ರವು ತೆರೆಗೆ ಬಂದುದು, ಅಂದಿನ ರಷ್ಯದ ಪಂಚಾಂಗದಂತೆ, 1908ರ ಅಕ್ಟೋಬರ್ 15ರಂದು. ಪೀಟರ್ಸ್‌ಬರ್ಗಿನ ಛಾಯಾಗ್ರಾಹಕ ಅಲೆಕ್ಸಾಂದರ್ ದ್ರಾನ್ಕೊವನು ತೆಗೆದ ‘ಸ್ತೆಂಕಾ ರಾಜಿನ್’ ಎಂಬ ಆ ಚಿತ್ರವು ಆರೇಳು ನಿಮಿಷದ್ದು: ವೋಲ್ಗಾ ನದಿಯ ಬಂಡಾಯಗಾರನೊಬ್ಬ, ಆತನ ಮೋಹಕ್ಕೆ ಪಾತ್ರಳಾದ ಪಾರಸಿಕ ರಾಜಕುಮಾರಿ, ಕುಡಿತದ ಅಮಲಿನಲ್ಲಿ ಅನುಮಾನ, ಕೊನೆಗೆ ಆಕೆಯನ್ನು ಎತ್ತಿ ನೀರಿಗೆಸೆಯುವುದು. ಈಗ ನೋಡುವವರಿಗೆ ನಗು ತರಿಸುವಂತೆ ಎಲ್ಲರೂ ಕೈಬೀಸಿ ನಟಿಸುತ್ತಾರೆ. ಆದರೂ ಇಪ್ಪೊಲಿತೊವ್-ಇವಾನೊವನಂತಹ ಹೆಸರಾಂತ ಸಂಗೀತಕಾರನು ಈ ಪುಟ್ಟ ಚಿತ್ರಕ್ಕಾಗಿ ಸಂಗೀತ ರಚಿಸಿಕೊಟ್ಟನೆಂಬುದು ಗಮನಿಸತಕ್ಕ ಅಂಶ. ಜಾತ್ರೆಯ ವಸ್ತುವೆಂದು ಬಂದದ್ದನ್ನು ಉನ್ನತಕಲೆಗಳ ಪಂಕ್ತಿಯಲ್ಲಿ ಕೂರಿಸುವ ಹವಣಿಕೆ ಮೊದಲ ದಿನದಿಂದಲೇ ಇತ್ತು. ದ್ರಾನ್ಕೊವನಿಗೆ ಕಲೆಗಿಂತ ಕಾಸಿನ ಮೇಲೆ ಕಣ್ಣು ಹೆಚ್ಚು. ಆದರೆ ಎಂಬತ್ತು ತುಂಬಿದ ಟಾಲ್‌ಸ್ಟಾಯ್ ಮಹರ್ಷಿಯನ್ನು ಅದೇ ವರ್ಷ ಚಿತ್ರದಲ್ಲಿ ಹಿಡಿದಿಟ್ಟ ಪುಣ್ಯವೂ ಅವನದೇ.

ಆತನ ಪ್ರತಿಸ್ಪರ್ಧಿ ಅಲೆಕ್ಸಾಂದರ್ ಖಾನ್ಝೊಂಕೊವ್ ಬೇರೆ ಧಾತುವಿನ ಮನುಷ್ಯ. ಡಾನ್ ಪ್ರಾಂತದ ಕೊಸಾಕ್ ಸೈನ್ಯಾಧಿಕಾರಿಯಾಗಿದ್ದು ಕೆಲಸ ಬಿಟ್ಟು ಚಿತ್ರೋದ್ಯಮಕ್ಕಿಳಿದ ಈತನು 1911ರಲ್ಲಿ ಗೊಂಚರೊವ್ ಎಂಬ ನಿರ್ದೇಶಕನ ಜೊತೆಗೂಡಿ ‘ಸೆವಾಸ್ತೊಪೋಲಿನ ರಕ್ಷಣೆ’ ಎಂಬ ದೀರ್ಘಚಿತ್ರವನ್ನು ತೆಗೆದನು. ಕ್ರಿಮಿಯಾ ಯುದ್ಧದಲ್ಲಿ, 1854 ಮತ್ತು 55ರಲ್ಲಿ, ಆ ಕೋಟೆಯನ್ನು ಕಾದ ವೀರರ ಕಥೆಯದು. ಚಿತ್ರದ ಕೊನೆಯಲ್ಲಿ, ಆ ಕಾಳಗದಲ್ಲಿ ನಿಜವಾಗಿ ಕಾದಿ ಬದುಕುಳಿದಿದ್ದ ಮುದುಕರು, ಎದೆಯ ಮೇಲೆ ಪದಕಗಳನ್ನು ಧರಿಸಿ, ಕ್ಯಾಮರಾದ ಮುಂದೆ ಬಂದು ನಿಲ್ಲುತ್ತಾರೆ. ಅಲ್ಲಿಯವರೆಗೆ ಬಣ್ಣದ ವೇಷವನ್ನು ನೋಡುತ್ತಿದ್ದ ಪ್ರೇಕ್ಷಕನಿಗೆ ಥಟ್ಟನೆ ಸುಕ್ಕುಗಟ್ಟಿದ ನಿಜಮುಖಗಳು ಎದುರಾಗುವ ಆ ಗಳಿಗೆ, ನನ್ನ ಮಟ್ಟಿಗೆ, ಚಿತ್ರದ ಎಲ್ಲ ತೋಪುಗಳ ಹೊಗೆಗಿಂತ ಬೆಲೆಯುಳ್ಳದ್ದು. ಚಕ್ರವರ್ತಿಯೇ ತನ್ನ ಲಿವಾದಿಯಾ ಅರಮನೆಯಲ್ಲಿ ಈ ಚಿತ್ರವನ್ನು ನೋಡಿದನು.

ಇದೇ ಖಾನ್ಝೊಂಕೊವನ ಆಶ್ರಯಕ್ಕೆ ಬಂದ ಒಬ್ಬ ವಿಲಕ್ಷಣ ಪ್ರತಿಭಾಶಾಲಿಯನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗದು. ವ್ಲಾದಿಸ್ಲಾವ್ ಸ್ತಾರೆವಿಚ್ ಎಂಬಾತನಿಗೆ ಕೊವ್ನೊ ನಗರದ ಮ್ಯೂಸಿಯಮಿನ ಸಂಬಂಧ. ಕೀಟಗಳ ವಿಷಯದಲ್ಲಿ ಅತೀವ ಕುತೂಹಲ. ಕೊಂಬಿನ ಜೀರುಂಡೆಗಳೆರಡರ ಕಾಳಗವನ್ನು ಚಿತ್ರಿಸಬೇಕೆಂದು ಹೊರಟರೆ, ಉರಿಯುವ ದೀಪಗಳ ಬೆಳಕಿಗೆ ಅವು ಮಂಕು ಹಿಡಿದು ಕೂತುಬಿಟ್ಟವು. ಆತನು ಸತ್ತ ಜೀರುಂಡೆಗಳ ಕಾಲುಗಳನ್ನು ಬಿಡಿಸಿ, ತಂತಿ ಮೇಣಗಳಿಂದ ಮತ್ತೆ ಕೂಡಿಸಿ, ಕೂದಲೆಳೆಯಷ್ಟು ಅಲುಗಿಸಿ ಒಂದು ಚಿತ್ರ, ಮತ್ತೆ ಕೂದಲೆಳೆಯಷ್ಟು ಅಲುಗಿಸಿ ಮತ್ತೊಂದು ಚಿತ್ರ, ಹೀಗೆ ತೆಗೆದು ಜೋಡಿಸಿದನು. 1912ರ ‘ಛಾಯಾಗ್ರಾಹಕನ ಸೇಡು’ ಎಂಬ ಚಿತ್ರದಲ್ಲಿ ಗೃಹಸ್ಥನಾದ ಜೀರುಂಡೆಯೊಂದು ಪಟ್ಟಣದ ನಾಟ್ಯಶಾಲೆಗೆ ಹೋಗಿ ಏರೋಪ್ಲೇನ್ ಚಿಟ್ಟೆಯೊಬ್ಬಳ ಮೋಹಕ್ಕೆ ಬೀಳುತ್ತದೆ. ಅವಳಿಗಾಗಿ ಹಾತೊರೆದು ಪರಾಭವಗೊಂಡ ಮಿಡತೆಯು ಕ್ಯಾಮರಾ ಹೊತ್ತುಕೊಂಡು ಹಿಂಬಾಲಿಸಿ, ಹೋಟೆಲಿನ ಕೋಣೆಯ ಬೀಗದ ಕಿಂಡಿಯಿಂದ ಎಲ್ಲವನ್ನೂ ಚಿತ್ರ ತೆಗೆದು, ಜೀರುಂಡೆಯು ಹೆಂಡತಿಯೊಡನೆ ಸಿನಿಮಾಕ್ಕೆ ಬಂದ ದಿನ ಅದನ್ನೇ ತೆರೆಯ ಮೇಲೆ ಬಿಡುತ್ತದೆ. ಹೆಂಡತಿಯ ಕೈಯ ಕೊಡೆಯ ಏಟುಗಳ ಮಾತಂತಿರಲಿ, ಆ ಹೆಂಡತಿಗೂ ಮನೆಯಲ್ಲೊಬ್ಬ ಚಿತ್ರಕಾರ ಪ್ರಿಯಕರನಿದ್ದನೆಂಬುದೇ ಕಥೆಯ ಕುಹಕ. ಈ ಕೀಟಗಳನ್ನು ಯಾರೋ ಪಳಗಿಸಿ ಕುಣಿಸಿದ್ದಾರೆಂದು ನಂಬಿದವರು ಆಗ ಬಹಳ ಮಂದಿಯಿದ್ದರು.

ಇನ್ನು ಚಿತ್ರಕಲೆಯ ಮಾತು. ರಷ್ಯದ ಚಿತ್ರಕಲೆಯು 1870ರಲ್ಲಿ ಸಂಘ ಕಟ್ಟಿಕೊಂಡ ‘ಸಂಚಾರಿ’ ಚಿತ್ರಕಾರರ ಕೈಯಲ್ಲಿ, ಎಂದರೆ ರೇಪಿನ್, ಕ್ರಾಮ್ಸ್ಕೊಯ್, ಸುರಿಕೊವ್ ಮುಂತಾದವರ ಕೈಯಲ್ಲಿ, ಬಡವರ ಬವಣೆಯನ್ನೂ ಚರಿತ್ರೆಯ ಘೋರವನ್ನೂ ಕಣ್ಣಿಗೆ ಕಟ್ಟುವಂತೆ ತೋರಿಸುವ ಶಕ್ತಿಯನ್ನು ಗಳಿಸಿತು. ಅವರ ಪಟಗಳು ಕಥೆ ಹೇಳುತ್ತವೆ. ಒಬ್ಬೊಬ್ಬನ ಮುಖಭಾವವನ್ನೂ ಓದಿಕೊಳ್ಳಬೇಕು. ಶತಮಾನದ ಕೊನೆಗೆ ಬೇಸರವೊಂದು ಹುಟ್ಟಿತು. ದಿಯಾಗಿಲೆವ್, ಬೆನ್ವಾ ಮೊದಲಾದ ಪೀಟರ್ಸ್‌ಬರ್ಗಿನ ತರುಣರು 1898ರಲ್ಲಿ ‘ಮೀರ್ ಇಸ್ಕುಸ್ತ್ವ’, ಎಂದರೆ ಕಲಾಲೋಕ, ಎಂಬ ಪತ್ರಿಕೆಯನ್ನು ಹೊರಡಿಸಿ, ಹಳೆಯ ಉದ್ಯಾನಗಳು, ಅರಮನೆಯ ಸ್ತಂಭಗಳು, ಸಂಜೆಯ ಬೆಳಕು, ಸ್ವಪ್ನ, ಮರಣ, ಇವುಗಳ ಸೌಂದರ್ಯವನ್ನು ಆರಾಧಿಸಿದರು. ಇದೇ ಗಾಳಿಯಲ್ಲಿ ವ್ರೂಬೆಲನು ತನ್ನ ಪತಿತ ‘ದಾನವ’ನ ಚಿತ್ರಗಳನ್ನು ಬರೆದು ಬರೆದು ಬುದ್ಧಿಭ್ರಮಣೆಗೊಳಗಾದನು.

ಇಲ್ಲೊಂದು ಪ್ರಾಸಂಗಿಕ ಮಾತು ಹೇಳಲು ಅಪ್ಪಣೆಯಾಗಲಿ. ಈ ಕಲಾಲೋಕದ ಬಳಗದಲ್ಲಿ ಹಿರಿಯ ಸ್ಥಾನ ಪಡೆದಿದ್ದ ನಿಕೊಲಾಯ್ ರೋರಿಕ್ ಹಿಮಾಲಯದ ಕುಲ್ಲು ಕಣಿವೆಯಲ್ಲಿ ನೆಲೆಸಿ 1947ರಲ್ಲಿ ಅಲ್ಲಿಯೇ ತೀರಿಕೊಂಡನು. ಆತನ ಮಗ, ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದ ಸ್ವೆತೊಸ್ಲಾವ್ ರೋರಿಕ್ ಅವರು, ನಮ್ಮ ಚಿತ್ರರಂಗದ ಮೊದಲ ತಾರೆಗಳಲ್ಲೊಬ್ಬರಾದ ದೇವಿಕಾರಾಣಿಯವರ ಕೈಹಿಡಿದು, ಬೆಂಗಳೂರಿನ ಹೊರವಲಯದ ತಾತಗುಣಿಯ ತೋಟದಲ್ಲಿ ದಶಕಗಳ ಕಾಲ ಬಾಳಿದರು. ಚಿತ್ರಕಲಾ ಪರಿಷತ್ತಿನಲ್ಲಿರುವ ರೋರಿಕ್ ಚಿತ್ರಗಳನ್ನು ನೋಡಿದವರಿಗೆ, ನಾನು ಹೇಳುತ್ತಿರುವ ಕಾಲದ ವರ್ಣಪ್ರಜ್ಞೆ ಎಂತಹುದೆಂದು ವಿವರಿಸುವ ಅಗತ್ಯವಿಲ್ಲ.

ಯೆವ್ಗೇನಿ ಬೌವರ್ ಹುಟ್ಟಿದ್ದು 1865ರಲ್ಲಿ, ಮಾಸ್ಕೋದಲ್ಲಿ. ತಂದೆ ಝಿತರ್ ಎಂಬ ತಂತಿವಾದ್ಯದ ನಿಪುಣ. ಮಗನು ಮಾಸ್ಕೋದ ಚಿತ್ರಕಲೆ, ಶಿಲ್ಪ ಮತ್ತು ವಾಸ್ತುವಿದ್ಯೆಗಳ ಶಾಲೆಯಲ್ಲಿ ಕಲಿತು, ಮುಂದೆ ನಾಟಕ ಹಾಗೂ ಸಂಗೀತ ರೂಪಕಗಳ ರಂಗಸಜ್ಜಿಕೆಯಿಂದ ಹೆಸರು ಮಾಡಿದನು. ಚಿತ್ರರಂಗಕ್ಕೆ ಬಂದಾಗ ಆತನಿಗೆ ನಲವತ್ತೆಂಟರ ಸಮೀಪ. 1913ರ ಕೊನೆಯಲ್ಲಿ ಖಾನ್ಝೊಂಕೊವನ ಸಂಸ್ಥೆಯನ್ನು ಸೇರಿದ ಆತನು, ಸಾಯುವವರೆಗಿನ ನಾಲ್ಕು ವರ್ಷಗಳಿಗೂ ಕಡಮೆ ಅವಧಿಯಲ್ಲಿ, ಎಂಬತ್ತರಷ್ಟು ಚಿತ್ರಗಳನ್ನು ಮಾಡಿದನು. ಇಂದು ಉಳಿದಿರುವುದು ಅದರಲ್ಲಿ ಮೂರನೆಯ ಒಂದು ಪಾಲಿನಷ್ಟು. ನಿಧಾನಗತಿಯ ಚಿತ್ರಗಳನ್ನು ಇಷ್ಟು ವೇಗವಾಗಿ ಮಾಡಿದವನು ಮತ್ತೊಬ್ಬನಿರಲಾರನು.

ಅಂದಿನ ಚಿತ್ರಶಾಲೆಗೆ ಗೋಡೆ ಚಾವಣಿಗಳೆಲ್ಲ ಗಾಜು, ಸೂರ್ಯನೇ ಮುಖ್ಯದೀಪ. ಬೇರೆಯವರು ಬಣ್ಣ ಬಳಿದ ಪರದೆಯೊಂದನ್ನು ಹಿಂದೆ ಇಳಿಬಿಟ್ಟು, ಮುಂದೆ ಮೇಜು ಕುರ್ಚಿ ಹಾಕಿ, ಪಾತ್ರಗಳನ್ನು ಸಾಲಾಗಿ ನಿಲ್ಲಿಸಿ ತೃಪ್ತರಾಗುತ್ತಿದ್ದಾಗ, ಬೌವರನು ಆಳವನ್ನು ಕಟ್ಟಿದನು. ಮುಂಭಾಗದಲ್ಲಿ ಹೂಕುಂಡವೋ ದೀಪವೋ ಕಂಬವೋ ಒಂದು, ಅದರಾಚೆ ಅರೆಗತ್ತಲೆಯ ಕೋಣೆ, ಅದರಾಚೆ ತೆಳುವಾದ ಜಾಲರಿ ಪರದೆ, ಅದನ್ನು ಸರಿಸಿದರೆ ಬೆಳಕು ತುಂಬಿದ ಮತ್ತೊಂದು ಕೋಣೆ, ಅಲ್ಲೊಂದು ಮೆಟ್ಟಿಲಸಾಲು. ಕಂಬಗಳ ಹುಚ್ಚಂತೂ ಆತನಿಗೆ ಎಷ್ಟಿತ್ತೆಂದರೆ ವಿಮರ್ಶಕರು ಅದನ್ನು ಹಾಸ್ಯದ ವಸ್ತುವನ್ನಾಗಿ ಮಾಡಿಕೊಂಡರು. ಹಾಸ್ಯ ಸಲ್ಲುವುದೇ, ಕೆಲವು ಚಿತ್ರಗಳಲ್ಲಿ ಮನುಷ್ಯರಿಗಿಂತ ಕಂಬಗಳಿಗೇ ಹೆಚ್ಚು ಗೌರವ ಸಂದಿದೆಯೆಂದು ನನಗೂ ಅನಿಸಿದ್ದುಂಟು. ಆದರೆ ಆ ಕಂಬಗಳ ನಡುವೆ ನಡೆದುಬರುವ ನಾಯಿಕೆಯು ನೆರಳಿಗೊಮ್ಮೆ ಬೆಳಕಿಗೊಮ್ಮೆ ಸಂದು ಬರುವಾಗ, ಆಕೆಯ ಮನಸ್ಸಿನ ಹೊಯ್ದಾಟವನ್ನು ಹೇಳಲು ಅಕ್ಷರಫಲಕವೇ ಬೇಕಾಗುವುದಿಲ್ಲ.

1914ರ ‘ಮಹಾನಗರದ ಕೂಸು’ ಎಂಬ ಚಿತ್ರವನ್ನೇ ತೆಗೆದುಕೊಳ್ಳೋಣ. ಬಟ್ಟೆ ಹೊಲಿಯುವ ಶಾಲೆಯ ಬಡಹುಡುಗಿ ಮಾನ್ಯಾ. ಕಿಟಕಿಯ ಹೊರಗಿನ ಬೀದಿಯನ್ನು ನೋಡುತ್ತ ಕನಸು ಕಾಣುವವಳು. ಸಿರಿವಂತರ ಮನೆಯ ಹೆಣ್ಣುಗಳಿಂದ ಬೇಸತ್ತ ವಿಕ್ತರ್ ಎಂಬ ತರುಣನಿಗೆ ಈಕೆಯಲ್ಲಿ ನಿಷ್ಕಳಂಕ ಮುಗ್ಧತೆ ಕಾಣುತ್ತದೆ. ಆಕೆಯನ್ನು ತಂದು ರೇಷ್ಮೆ ಉಡಿಸುತ್ತಾನೆ, ಮಾನ್ಯಾ ಮೇರಿಯಾಗುತ್ತಾಳೆ, ಆತನ ಆಸ್ತಿ ಕರಗುತ್ತದೆ, ಆಕೆ ಬೇರೆಯವರ ಆಶ್ರಯಕ್ಕೆ ಹೋಗುತ್ತಾಳೆ. ಕೊನೆಯಲ್ಲಿ ದಿವಾಳಿಯಾದ ವಿಕ್ತರ್ ಆಕೆಯ ಮನೆಯ ಮೆಟ್ಟಿಲ ಮೇಲೆಯೇ ಗುಂಡು ಹಾರಿಸಿಕೊಂಡು ಬಿದ್ದಿರುತ್ತಾನೆ. ಗೆಳೆಯರೊಡನೆ ಹೊರಟು ಬಂದ ಮೇರಿ ಒಂದು ಕ್ಷಣ ನಿಲ್ಲುತ್ತಾಳೆ. ನಿಲುವಂಗಿಯ ಅಂಚನ್ನು ತುಸು ಎತ್ತಿಕೊಂಡು, ಹೆಣವನ್ನು ದಾಟಿ, ಭೋಜನಶಾಲೆಗೆ ಹೋಗಲು ಕಾದಿರುವ ಗಾಡಿಯತ್ತ ನಡೆಯುತ್ತಾಳೆ. ಆ ಹೆಜ್ಜೆಯನ್ನು ಬೌವರನು ಅವಸರಪಡಿಸುವುದಿಲ್ಲ. ನೀತಿಬೋಧೆಯ ಸುಳಿವೂ ಇಲ್ಲ. ಆಕೆಯನ್ನು ದುಷ್ಟೆಯೆನ್ನಲು ಹೊರಟ ಪ್ರೇಕ್ಷಕನಿಗೆ, ಆಕೆಯನ್ನು ತನ್ನ ಸ್ವಪ್ನದ ಬೊಂಬೆಯನ್ನಾಗಿ ಮಾಡಿಕೊಂಡವನು ಯಾರೆಂಬ ಪ್ರಶ್ನೆಯೂ ಜೊತೆಯಲ್ಲೇ ಏಳುತ್ತದೆ.

ಹೆಣ್ಣನ್ನು ಚಿತ್ರಪಟವನ್ನಾಗಿ ಮಾಡಹೊರಟ ಗಂಡಸಿನ ಈ ವ್ಯಾಧಿಯನ್ನು ಆತನು ಬಿಡದೆ ಹಿಂಬಾಲಿಸಿದನು. 1915ರ ‘ಕನಸುಗಳು’ ಚಿತ್ರದಲ್ಲಿ ವಿಧುರನೊಬ್ಬನು ಸತ್ತ ಹೆಂಡತಿಯ ಜಡೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪೂಜಿಸುತ್ತಾನೆ. ಅವಳಂತೆಯೇ ಕಾಣುವ ನಟಿಯೊಬ್ಬಳು ಆ ಜಡೆಯೊಡನೆ ಕುಚೋದ್ಯ ಮಾಡಿದಾಗ ಅದರಿಂದಲೇ ಅವಳ ಕೊರಳನ್ನು ಬಿಗಿಯುತ್ತಾನೆ. ಅದೇ ವರ್ಷದ ‘ಮರಣಾನಂತರ’ ತುರ್ಗೆನೆವನ ‘ಕ್ಲಾರಾ ಮಿಲಿಚ್’ ಕಥೆಯನ್ನು ಆಧರಿಸಿದ್ದು. ಅದರಲ್ಲಿ ಸಂಕೋಚಸ್ವಭಾವದ ನಾಯಕನನ್ನು ಸಂಜೆಯ ಕೂಟವೊಂದಕ್ಕೆ ಕರೆದೊಯ್ಯುವ ದೃಶ್ಯವಿದೆ: ಕ್ಯಾಮರಾ ಆತನೊಡನೆ ಮೆಲ್ಲಮೆಲ್ಲನೆ ಸರಿಯುತ್ತ, ಅತಿಥಿಗಳ ನಡುವೆ ನುಸುಳುತ್ತ, ನಿಮಿಷಗಳ ಕಾಲ ಕತ್ತರಿಯಿಲ್ಲದೆ ಸಾಗುತ್ತದೆ, ಕೊನೆಗೆ ಜೋಯಾ ಎಂಬ ನಟಿಯ ನೋಟವು ಆತನ ಮೇಲೆ ನಾಟುತ್ತದೆ. ಮಾಸ್ಕೋದ ಬೊಲ್ಶೊಯ್ ರಂಗದ ನರ್ತಕಿ ವೆರಾ ಕರಾಲ್ಲಿಯೇ ಆ ಪಾತ್ರಧಾರಿಣಿ. ಇದೇ ಕರಾಲ್ಲಿ 1917ರ ‘ಮರಣೋನ್ಮುಖ ಹಂಸ’ದಲ್ಲಿ ಮೂಗಿಯಾದ ನರ್ತಕಿ ಗಿಜೆಲ್ಲಾ. ಮಾತಿಲ್ಲದ ಕಲೆಯಲ್ಲಿ ಮಾತು ಬಾರದ ನಾಯಿಕೆಯನ್ನು ತಂದುದು ಎಂತಹ ಜಾಣತನ! ಸಾವನ್ನು ಚಿತ್ರಿಸಬೇಕೆಂಬ ಹುಚ್ಚು ಹಿಡಿದ ಚಿತ್ರಕಾರನೊಬ್ಬನು, ದುಃಖದಲ್ಲಿ ನವೆಯುತ್ತಿದ್ದ ಆಕೆಯ ಹಂಸನೃತ್ಯದಲ್ಲಿ ತಾನು ಅರಸುತ್ತಿದ್ದ ಸಾವನ್ನು ಕಂಡು, ಆ ಭಂಗಿಯನ್ನು ಪಟಕ್ಕಿಳಿಸತೊಡಗುತ್ತಾನೆ. ಅಷ್ಟರಲ್ಲಿ ಕಳೆದುಹೋದ ಪ್ರೇಮ ಮರಳಿ ಸಿಕ್ಕು, ಗಿಜೆಲ್ಲಾಳ ಕಣ್ಣಿನಲ್ಲಿ ಜೀವ ತುಂಬುತ್ತದೆ. ಪಟ ಕೆಡುತ್ತದೆ. ಚಿತ್ರಕಾರನು ಆಕೆಯ ಕೊರಳಿಗೆ ಕೈಹಾಕಿ, ತನಗೆ ಬೇಕಾದ ನಿಶ್ಚಲತೆಯನ್ನು ಪಡೆದು, ಮತ್ತೆ ಕುಂಚವನ್ನೆತ್ತಿಕೊಳ್ಳುತ್ತಾನೆ. ಮರಣವನ್ನು ಅಲಂಕರಿಸಿ ಆರಾಧಿಸಿದ ತನ್ನ ಕಾಲದ ಕಲೆಯ ಮೇಲೆಯೇ ಬೌವರನು ಬರೆದ ವಿಮರ್ಶೆಯಿದೆಂದು ನಾನು ಓದುತ್ತೇನೆ.

ಶೋಕಾಂತವು ಬೌವರನೊಬ್ಬನ ಗೀಳಲ್ಲ. ದೇಶದ ಅಭಿರುಚಿಯೇ ಹಾಗಿತ್ತು. ಕಳ್ಳರು ಮನೆಗೆ ನುಗ್ಗುತ್ತಿರುವಾಗ ಹೆಂಡತಿಯು ಗಂಡನಿಗೆ ಟೆಲಿಫೋನ್ ಮಾಡುವ ಕಥೆಯನ್ನು ಅಮೆರಿಕದ ಗ್ರಿಫಿತ್ 1909ರಲ್ಲಿ ಚಿತ್ರಿಸಿದಾಗ ಗಂಡನು ಸಕಾಲಕ್ಕೆ ಧಾವಿಸಿ ಬಂದು ಸಂಸಾರವನ್ನು ಉಳಿಸಿಕೊಂಡನು. ಅಂತಹುದೇ ಕಥೆಯನ್ನು ಯಾಕೊವ್ ಪ್ರೊತಜಾನೊವನು 1914ರಲ್ಲಿ ರಷ್ಯದಲ್ಲಿ ತೆಗೆದಾಗ ಗಂಡನು ಬಂದು ನೋಡುವುದು ಹೆಂಡತಿಯ ಹೆಣವನ್ನು. ಪರದೇಶಕ್ಕೆ ಕಳುಹಿಸುವ ಪ್ರತಿಗಳಿಗೆ ಬೇರೆಯಾದ ಸುಖಾಂತವನ್ನು ತಗುಲಿಸುವ ಪದ್ಧತಿಯೂ ಇತ್ತು. ನಮ್ಮ ಲಾಕ್ಷಣಿಕರು ನಾಯಕನ ಮರಣವನ್ನು ರಂಗದಿಂದ ದೂರವಿಟ್ಟು ನಾಟಕವನ್ನು ಭರತವಾಕ್ಯದ ಮಂಗಳದಲ್ಲಿ ಮುಗಿಸಿದರು. ಕನ್ನಡದಲ್ಲಿ ರುದ್ರನಾಟಕಕ್ಕೆ ಎಡೆ ಮಾಡಿಕೊಡಲು ಬಿ.ಎಂ. ಶ್ರೀಕಂಠಯ್ಯನವರು ಗ್ರೀಕರತ್ತ ನೋಡಬೇಕಾಯಿತು. ರಷ್ಯದ ಸಾಮಾನ್ಯ ಪ್ರೇಕ್ಷಕನು ಟಿಕೆಟ್ಟಿಗೆ ಕಾಸು ಕೊಟ್ಟು ದುರಂತವನ್ನೇ ಬೇಡುತ್ತಿದ್ದನು.

ನಟನೆಯ ನಿಧಾನಕ್ಕೆ ಮೂಲ ಅಂದಿನ ರಂಗಭೂಮಿ. ಸ್ತಾನಿಸ್ಲಾವ್ಸ್ಕಿಯ ಮಾಸ್ಕೋ ಕಲಾರಂಗವು ಚೆಕಾವನ ನಾಟಕಗಳಲ್ಲಿ ಮಾತುಗಳ ನಡುವಣ ಮೌನವನ್ನು ಅರ್ಥಗರ್ಭಿತವಾಗಿಸಿತ್ತು. ಅದನ್ನು ಕಂಡ ಚಿತ್ರರಂಗದವರು, ಓಡಾಟವನ್ನು ಅಮೆರಿಕದವರಿಗೂ ಆಂಗಿಕ ವೈಖರಿಯನ್ನು ಫ್ರೆಂಚರಿಗೂ ಬಿಟ್ಟುಕೊಟ್ಟು, ನಿಶ್ಚಲತೆಯೇ ತಮ್ಮ ಶೈಲಿಯೆಂದು ಅಂದಿನ ಚಿತ್ರಪತ್ರಿಕೆಗಳಲ್ಲಿ ವಾದಿಸಿದರು. ಈ ಶೈಲಿಯ ಶಿಖರ ಇವಾನ್ ಮೊಝೂಖಿನ್. 1916ರ ‘ಇಸ್ಪೀಟಿನ ರಾಣಿ’ಯಲ್ಲಿ, ಪುಷ್ಕಿನನ ಹೆರ್ಮನ್ನನಾಗಿ, ಆತನು ಬಹಳ ಹೊತ್ತು ಏನನ್ನೂ ಮಾಡುವುದಿಲ್ಲ, ಆ ಅಗಲವಾದ ತಿಳಿಗಣ್ಣುಗಳು ಒಂದೆಡೆ ನೆಟ್ಟಿರುತ್ತವೆ, ಅಷ್ಟೆ.

1914ರಲ್ಲಿ ಯುದ್ಧ ಹತ್ತಿಕೊಂಡು ಗಡಿಗಳು ಮುಚ್ಚಿದಾಗ ಹೊರದೇಶದ ಚಿತ್ರಗಳ ಆಮದು ಕುಗ್ಗಿ, ದೇಶೀಯ ಉದ್ಯಮವು ಒಮ್ಮೆಗೇ ಉಬ್ಬಿತು. ಬೌವರನು ಬೆಳಕಿಗೆ ತಂದ ವೆರಾ ಖೊಲೊದ್ನಯಾ ತೆರೆಯ ರಾಣಿಯಾದುದು ಈ ವರ್ಷಗಳಲ್ಲಿ. 1919ರ ಫೆಬ್ರವರಿಯಲ್ಲಿ ಒಡೆಸ್ಸಾದಲ್ಲಿ ಇನ್‌ಫ್ಲುಯೆಂಜಾ ಬೇನೆಯಿಂದ ಇಪ್ಪತ್ತೈದರ ಪ್ರಾಯದಲ್ಲಿ ಆಕೆ ತೀರಿಕೊಂಡಾಗ ನೆರೆದ ಜನಸಾಗರವನ್ನೂ ಚಿತ್ರವಾಗಿ ಹಿಡಿದಿಟ್ಟಿದ್ದಾರೆ. ಯುದ್ಧದಂತೆಯೇ ರಾಜಕೀಯವೂ ಚಿತ್ರಗಳ ವಸ್ತುವನ್ನು ನಿರ್ಧರಿಸಿತು. ರಾಜಮನೆತನದವರನ್ನೂ ಪುರೋಹಿತವರ್ಗವನ್ನೂ ಪಾತ್ರಗಳಾಗಿ ತೋರಿಸಕೂಡದೆಂಬ ನಿಷೇಧವಿದ್ದುದರಿಂದ, ದೊರೆಯಿಂದ ವಂಚಿತನಾಗಿ ಸಂನ್ಯಾಸಿಯಾದ ರಾಜಕುಮಾರನ ಕಥೆಯಾದ ಟಾಲ್‌ಸ್ಟಾಯರ ‘ಫಾದರ್ ಸೆರ್ಗಿಯಸ್’ ಅನ್ನು ಪ್ರೊತಜಾನೊವ್ ಮೊಝೂಖಿನರು ಚಿತ್ರಿಸಲು 1917ರ ಫೆಬ್ರವರಿಯಲ್ಲಿ ಸಿಂಹಾಸನ ಉರುಳಬೇಕಾಯಿತು. ಮೋಹವನ್ನು ಗೆಲ್ಲಲು ಬೆರಳನ್ನೇ ಕಡಿದುಕೊಳ್ಳುವ ಆ ಸಂನ್ಯಾಸಿಯ ಪಾತ್ರದಲ್ಲಿ, ಮೀಸೆ ಚಿಗುರದ ಪ್ರಾಯದಿಂದ ಮುಪ್ಪಿನವರೆಗೆ ಮೊಝೂಖಿನನು ನಡೆದುಹೋಗುವ ಬಗೆಯನ್ನು ನೋಡಿಯೇ ತಿಳಿಯಬೇಕು.

ಅದೇ 1917ರ ಬೇಸಗೆಯಲ್ಲಿ ಕ್ರಿಮಿಯಾದಲ್ಲಿ ಚಿತ್ರೀಕರಣಕ್ಕೆ ಹೋಗಿದ್ದ ಬೌವರನು ಕಾಲು ಮುರಿದುಕೊಂಡು, ಕುರ್ಚಿಯಲ್ಲಿ ಕುಳಿತೇ ‘ಪ್ಯಾರಿಸಿನ ರಾಜ’ ಎಂಬ ಚಿತ್ರವನ್ನು ನಿರ್ದೇಶಿಸುತ್ತ, ನ್ಯುಮೋನಿಯಾಕ್ಕೆ ತುತ್ತಾಗಿ ಯಾಲ್ಟಾದಲ್ಲಿ ಅಸುನೀಗಿದನು. ಅಕ್ಟೋಬರ್ ಕ್ರಾಂತಿಯನ್ನು ಆತನು ಕಾಣಲಿಲ್ಲ. 1919ರ ಆಗಸ್ಟಿನಲ್ಲಿ ಲೆನಿನ್ನನ ಆಜ್ಞೆಯಂತೆ ಚಿತ್ರೋದ್ಯಮವು ರಾಷ್ಟ್ರದ ವಶವಾಯಿತು. ಪ್ರೊತಜಾನೊವ್, ಮೊಝೂಖಿನ್, ಸ್ತಾರೆವಿಚ್ ಎಲ್ಲರೂ ಫ್ರಾನ್ಸ್ ಸೇರಿದರು. ಪ್ರೊತಜಾನೊವನು 1923ರಲ್ಲಿ ಹಿಂದಿರುಗಿ ಸೋವಿಯತ್ ಚಿತ್ರಗಳನ್ನೂ ತೆಗೆದನು. ದೇಶ ತೊರೆದಿದ್ದ ಖಾನ್ಝೊಂಕೊವನೂ ಮರಳಿ ಬಂದನು; ಆದರೆ ಹಳೆಯ ಸ್ಥಾನ ಮರಳಿ ಬರಲಿಲ್ಲ, 1945ರಲ್ಲಿ ಯಾಲ್ಟಾದಲ್ಲಿಯೇ ಕಣ್ಣುಮುಚ್ಚಿದನು. ಉಳಿದ ಸುರುಳಿಗಳು, ಅನೇಕವು ಅಕ್ಷರಫಲಕಗಳನ್ನು ಕಳೆದುಕೊಂಡು, ಮಾಸ್ಕೋ ಹೊರವಲಯದ ಸರ್ಕಾರಿ ಭಂಡಾರದಲ್ಲಿ ಬಿದ್ದಿದ್ದು, 1989ರಲ್ಲಿ ಇಟಲಿಯ ಪೊರ್ದೆನೋನೆ ಪಟ್ಟಣದ ಮೂಕಚಿತ್ರೋತ್ಸವಕ್ಕೆ ಬಂದಾಗಲೇ ಹೊರಲೋಕವು ಬೌವರನ ಹೆಸರನ್ನು ಕೇಳಿದ್ದು ಎನ್ನಬಹುದು.

ಆದರೆ ಆತನ ಶಿಷ್ಯನೊಬ್ಬನನ್ನು ಲೋಕವು ಮೊದಲೇ ಬಲ್ಲದು. ಬೌವರನ ಕೊನೆಯ ಚಿತ್ರಗಳಿಗೆ ರಂಗಸಜ್ಜಿಕೆ ಮಾಡಿ, ‘ಸುಖಕ್ಕಾಗಿ’ ಎಂಬುದರಲ್ಲಿ ಪಾತ್ರವನ್ನೂ ವಹಿಸಿದ, ಗುರುವು ಕಲಿತ ಚಿತ್ರಕಲಾಶಾಲೆಯಲ್ಲಿಯೇ ಕಲಿತ, ಹದಿನೆಂಟರ ಹರೆಯದ ಆ ಹುಡುಗ ಲೆವ್ ಕುಲೆಶೊವ್. ಮುಂದೆ ಸೋವಿಯತ್ ಸಂಕಲನ ಸಿದ್ಧಾಂತಕ್ಕೆ ತಳಹದಿ ಹಾಕಿದವನು. ಆತನ ಪ್ರಸಿದ್ಧ ಪ್ರಯೋಗವನ್ನು ಚಲಚ್ಚಿತ್ರಕಲೆಯ ವಿದ್ಯಾರ್ಥಿಗಳೆಲ್ಲ ಬಲ್ಲರು: ಒಬ್ಬ ನಟನ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕಕ್ಕೂ, ಒಮ್ಮೆ ಶವಪೆಟ್ಟಿಗೆಯ ಪಕ್ಕಕ್ಕೂ ಜೋಡಿಸಿದರೆ, ನೋಡುವವರು ಅದರಲ್ಲಿ ಹಸಿವನ್ನೂ ಶೋಕವನ್ನೂ ಬೇರೆ ಬೇರೆಯಾಗಿ ಕಂಡರಂತೆ. ಸಂಕಲನದ ಶಕ್ತಿಗೆ ಇದು ಸಾಕ್ಷಿಯೆಂದು ಗ್ರಂಥಗಳು ಹೇಳುತ್ತವೆ. ಆ ಮುಖ ಯಾರದೆಂಬುದನ್ನು ಹೇಳಿಯೂ ಅದರ ಮೇಲೆ ನಿಲ್ಲದೆ ಮುಂದೆ ಸಾಗುತ್ತವೆ. ಆ ಮುಖ ಮೊಝೂಖಿನನದು. ಕುಲೆಶೊವನಿಗೆ ದೊರೆತದ್ದು ಜಾರ್ ಕಾಲದ ಹಳೆಯ ಚಿತ್ರವೊಂದರ ತುಣುಕು. ಫ್ರೆಂಚ್ ನಟನೊಬ್ಬನ ಹುಬ್ಬು ಕುಣಿಸುವ ಮುಖವನ್ನು ಅಲ್ಲಿ ಇಟ್ಟಿದ್ದರೆ ಆ ಪ್ರಯೋಗ ಮೊದಲ ತುಣುಕಿಗೇ ಬಿದ್ದುಹೋಗುತ್ತಿತ್ತು; ಹಸಿವಿಗೂ ಶೋಕಕ್ಕೂ ಸಮನಾಗಿ ಎಡೆಗೊಡುವಷ್ಟು ನಿಶ್ಚಲವಾದ ಮುಖವನ್ನು ಆ ದಿನಗಳಲ್ಲಿ ತಯಾರಿಸಿಟ್ಟಿದ್ದುದು ಬೌವರ್ ಪ್ರೊತಜಾನೊವರ ಮಾಸ್ಕೋ.